ಓನರಮ್ಮನ ಸೀನಿಗೆ ಲೋಕದ ಓಲಗ

"ಸಂಗೀತ ಅನ್ನೋದು ಸೀನು ಇದ್ದಂಗೆ ಕಣಮ್ಮ. ಬಂದ್ರೆ ತಡಿಯೋಕಾಗಲ್ಲ, ತಡೆದ್ರೆ ಕಣ್ಣಲ್ಲಿ ನೀರು ಬರುತ್ತೆ" ಅಂತ ನನಗೆ ಮೊದಲು ಹೇಳಿದವರು ಕತ್ರಿಗುಪ್ಪೆಯ ನಮ್ಮ ಓನರಮ್ಮ. ಸಂಗೀತದ ಬಗ್ಗೆ ಅವರಿಗೆ ಎಷ್ಟು ಗೊತ್ತೋ ನಾನು ಹೇಳಲಾರೆ. ಸೀನಿನ ವಿಷಯದಲ್ಲಿ ಮಾತ್ರ ಅವರನ್ನು ಮೀರಿಸಿದವರನ್ನು ಕಂಡಿಲ್ಲ. ಅವರ ಮನೆಯ ಮಹಡಿ ಮೇಲೆ ಸಂಗೀತ, ಸೀನು ಎರಡೂ ಸೇರಿದ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಒಂದು ಮುಗಿದು ನಾವು ಉಸಿರು ಬಿಡುವಷ್ಟರಲ್ಲಿ ಇನ್ಯಾವುದೋ ದೇಶದಿಂದ ಇನ್ನೊಂದು ಬಂದು ಇಳಿದಿರುತ್ತದೆ.

ನನ್ನ ಕೆಲಸ ಜಯನಗರದ ಒಂದು ಸಣ್ಣ ಸಂಗೀತ ಸಂಸ್ಥೆಯಲ್ಲಿ. ಹೊರದೇಶದಿಂದ ಬರುವ ಸಂಗೀತಗಾರರನ್ನು ಏರ್‌ಪೋರ್ಟಿನಿಂದ ಕರೆತಂದು, ಊಟ ಹಾಕಿಸಿ, ವೇದಿಕೆ ಹತ್ತಿಸಿ, ಇಳಿಸಿ, ವಾಪಸ್ ಕಳಿಸುವುದು. ಓದಿದ್ದು ಎಂ.ಕಾಂ. ಸಂಗೀತದಲ್ಲಿ ನನ್ನ ವಿದ್ಯಾಭ್ಯಾಸ ಏಳನೇ ಕ್ಲಾಸಿನ ಪ್ರಾರ್ಥನೆಯ ಹೊತ್ತಲ್ಲಿ ಮುಗಿಯಿತು. "ನೀನು ಬಾಯಿ ಆಡಿಸ್ತಾ ಇರು ಸಾಕು, ಧ್ವನಿ ಬೇಡ" ಅಂದಿದ್ದರು ಮೇಷ್ಟ್ರು. ಅವತ್ತಿಂದ ಯಾರಾದರೂ ಚೆನ್ನಾಗಿ ಹಾಡಿದರೆ, ನುಡಿಸಿದರೆ, ನಾನು ಬಾಯಿ ತೆರೆದುಕೊಂಡು ನಿಲ್ಲುತ್ತೇನೆ, ಧ್ವನಿ ಬರುವುದಿಲ್ಲ. ಈಗ ಅದಕ್ಕೇ ಸಂಬಳ ಕೊಡುತ್ತಿದ್ದಾರೆ.

ಬಂದವರನ್ನು ಇಳಿಸೋದಕ್ಕೆ ಒಂದು ಮನೆ ಬೇಕಿತ್ತು. ಜೆ.ಪಿ. ನಗರದಲ್ಲಿ ಒಬ್ಬರು "ವೀಣೆ ಆದ್ರೆ ಓಕೆ, ಡ್ರಮ್ ಬೇಡ" ಅಂದರು. ಬಿ.ಟಿ.ಎಂ.ನಲ್ಲಿ ಒಬ್ಬರು "ಡ್ರಮ್ ಆದ್ರೂ ಓಕೆ, ನಾನ್‌ವೆಜ್ ಬೇಡ" ಅಂದರು. ಕೊನೆಗೆ ಕತ್ರಿಗುಪ್ಪೆಗೆ ಬಂದೆ. ಓನರಮ್ಮ ಹಳೇ ಊರಿನ ಮನೆತನದವರು. ಈಗ ಅವರ ಬಾಡಿಗೆ ಮನೆಗಳು ಸಾಲಾಗಿ ನಿಂತಿರುವ ಕಡೆ ಅವರೇ ಸೊಂಟ ಬಗ್ಗಿಸಿ ರಾಗಿ ಪೈರು ನಾಟಿ ಮಾಡಿದ್ದಾರೆ. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಒಂದೇ ಪ್ರಶ್ನೆ ಕೇಳಿದರು.

"ಜೋರಾಗಿ ನುಡಿಸ್ತಾರಾ?"

"ಇಲ್ಲ ಇಲ್ಲ ಅಮ್ಮ, ತುಂಬಾ ಮೆತ್ತಗೆ. ನಿಮಗೆ ಕೇಳ್ಸೋದೇ ಇಲ್ಲ."

ಅವರ ಮುಖ ಇಳಿದುಹೋಯಿತು. "ಹಂಗಾದ್ರೆ ಬೇಡ ಬಿಡು."

ನಾನು ತಕ್ಷಣ ಮಾತು ತಿರುಗಿಸಿ, ಜೋರಾಗಿಯೂ ನುಡಿಸ್ತಾರೆ, ಹೇಳಿದರೆ ಇನ್ನೂ ಜೋರಾಗಿ ನುಡಿಸ್ತಾರೆ ಅಂದೆ. ಬೀಗದ ಕೈ ಸಿಕ್ಕಿತು. ಕಾರಣ ಗೊತ್ತಾಗಿದ್ದು ಮಾರನೇ ಬೆಳಗ್ಗೆ.

ಓನರಮ್ಮ ಸೀನಿದರು. ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಬೀದಿಯಲ್ಲಿ ನಿಂತಿದ್ದ ಯಾರದೋ ಕಾರು ಕೂಗಿಕೊಳ್ಳೋಕೆ ಶುರುಮಾಡಿತು. ಅದಾದರೂ ಪರವಾಗಿಲ್ಲ. ಓನರಮ್ಮನದು ಯಾವಾಗಲೂ ಒಂಟಿ ಸೀನು. ಎರಡು ಬಂದರೆ ಶುಭ, ಒಂದೇ ಬಂದರೆ ಅಪಶಕುನ ಅನ್ನುತ್ತಾರಲ್ಲ, ಇವರಿಗೆ ಎರಡನೆಯದು ಹುಟ್ಟಿದಾಗಿನಿಂದ ಬಂದೇ ಇಲ್ಲ. ಆಫೀಸಿಗೆ ಹೊರಟವರು ಗೇಟಿನಿಂದ ಒಳಗೆ ವಾಪಸ್ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುತ್ತಾರೆ. ಇಡೀ ಬೀದಿಗೆ ಬಸ್ಸು ತಪ್ಪುತ್ತದೆ.

"ಮೇಲೆ ನಿಮ್ಮೋರು ಸದ್ದು ಮಾಡ್ತಿದ್ರೆ ನನ್ನ ಸೀನು ಬೀದಿಗೆ ಕೇಳ್ಸಲ್ಲ. ಅದಕ್ಕೇ ಕೊಟ್ಟಿದ್ದು" ಅಂದರು.

ಆಮೇಲೆ ಅವರೆಕಾಯಿ ಪಕ್ಕಕ್ಕಿಟ್ಟು ನಿಜವಾದ ಸಂಕಟ ಹೇಳಿದರು. ದೊಡ್ಡ ಮೊಮ್ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಓಲಗದವರು ಒಂದು ಕ್ಷಣ ಉಸಿರು ತಗೊಂಡರಂತೆ. ಸರಿಯಾಗಿ ಆ ಸಂದಿಯಲ್ಲಿ ಇವರ ಸೀನು. ಬೀಗರ ಕಡೆಯಿಂದ "ಯಾರದು?" ಅಂತ ಒಂದು ದನಿ ಬಂತು. ಇವತ್ತಿಗೂ ಆ ಮನೆಯಲ್ಲಿ ಮಿಕ್ಸಿ ಸುಟ್ಟುಹೋದರೆ "ಅವತ್ತಿನ ಸೀನು" ಅಂತಾರಂತೆ.

"ಈಗ ಚಿಕ್ಕವಳದ್ದು ಗೊತ್ತಾಗಿದೆ. ತಲಘಟ್ಟಪುರದ ಸಂಬಂಧ. ನನ್ನ ಮಡಿಲಲ್ಲೇ ಬೆಳೆದ ಕೂಸು ಅದು. ಅವಳಿಗೆ ತಾಳಿ ಕಟ್ಟೋವಾಗ ನಾನು ಊಟದ ಹಾಲಲ್ಲಿ ಎಲೆ ಹಾಕೋದು ನೋಡ್ತಾ ಕೂತಿರ್ತೀನಿ. ಮಂಟಪದ ಹತ್ರ ಬರಲ್ಲ."

"ಅಯ್ಯೋ, ಹಾಗೆಲ್ಲ ಯಾಕಮ್ಮ..."

"ನೀನು ನನ್ನ ಸೀನು ತಡೀತೀಯಾ?"

ಹೊರಗೆ ಕಾರು ಇನ್ನೂ ಕೂಗುತ್ತಿತ್ತು.

ಒಬ್ಬರೋ ಇಬ್ಬರೋ

ಮೊದಲು ಬಂದವರು ಮಂಗೋಲಿಯದ ಗಾಯಕರು. ಕುದುರೆ ತಲೆ ಕೆತ್ತಿದ ಒಂದು ಪಿಟೀಲು, ಮಾತು ಕಮ್ಮಿ, ನಗು ಜಾಸ್ತಿ. ಬೆಳಗ್ಗೆ ಮೇಲೆ ಅಭ್ಯಾಸಕ್ಕೆ ಕೂತರು. ಕೆಳಗೆ ಜಗಲಿ ಮೇಲೆ ನಾನು ಓನರಮ್ಮನ ಜೊತೆ ಕಾಫಿ ಕುಡಿಯುತ್ತಿದ್ದೆ. ಮೇಲಿಂದ ಬಾವಿಯೊಳಗೆ ಯಾರೋ ಮಂತ್ರ ಹೇಳಿದ ಹಾಗೆ ಒಂದು ದಪ್ಪ ದನಿ ಇಳಿದು ಬಂತು. ಅದು ನಿಂತಿಲ್ಲ, ಅದರ ನೆತ್ತಿಯ ಮೇಲೆ ಸಣ್ಣ ಕೊಳಲಿನಂಥ ಇನ್ನೊಂದು ದನಿ ಎದ್ದಿತು.

ಓನರಮ್ಮ ಲೋಟ ಕೆಳಗಿಟ್ಟರು. "ಒಬ್ರು ಅಂದಿದ್ದೆ ನೀನು."

"ಒಬ್ರೇ ಅಮ್ಮ."

"ಇಬ್ರು ಹಾಡ್ತಾವ್ರೆ."

"ಒಬ್ರೇ ಇಬ್ಬರ ಥರ ಹಾಡ್ತಾರಂತೆ. ಗಂಟಲಲ್ಲೇ ಎರಡೂ ಬರುತ್ತಂತೆ."

"ನೀನು ಎಂ.ಕಾಂ. ಓದಿರಬಹುದು. ಒಂದು ಎರಡು ಎಣಿಸೋದು ನನಗೂ ಬರುತ್ತೆ" ಅಂತ ಎದ್ದೇಬಿಟ್ಟರು.

ಮಂಡಿ ಹಿಡಿದುಕೊಂಡು ಮಹಡಿ ಹತ್ತಿ, ಬಚ್ಚಲ ಬಾಗಿಲು ತೆಗೆದು ನೋಡಿದರು. ಬೀರು ತೆಗೆದು ನೋಡಿದರು. ಕೊನೆಗೆ ಬಗ್ಗಿ ಮಂಚದ ಕೆಳಗೆ ನೋಡಿದರು. ಗಾಯಕರು ಇದು ನಮ್ಮ ಕಡೆಯ ಯಾವುದೋ ಶಾಸ್ತ್ರ ಅಂದುಕೊಂಡು, ತಾವೂ ಭಕ್ತಿಯಿಂದ ಮಂಚದ ಕೆಳಗೆ ಬಗ್ಗಿದರು.

ನಾನು ಕೈಸನ್ನೆಯಲ್ಲಿ ಬೇಡಿಕೊಂಡ ಮೇಲೆ ಅವರು ಎದ್ದು ಕೂತು ಹಾಡಿದರು. ನಮ್ಮೆದುರಿಗೇ, ಕೈಯಳತೆಯಲ್ಲಿ. ಅವರ ತುಟಿ ಹೆಚ್ಚು ಕದಲಲಿಲ್ಲ. ಆದರೆ ಆ ಪುಟ್ಟ ರೂಮಿನಲ್ಲಿ ಒಂದು ಬಯಲು ಬಂದು ನಿಂತಿತು. ಕೆಳಗೆ ನೆಲ ಗುನುಗುತ್ತಿದೆ, ಮೇಲೆ ಗಾಳಿ ಶಿಳ್ಳೆ ಹಾಕುತ್ತಿದೆ, ನಡುವೆ ಈ ಮನುಷ್ಯ ಸುಮ್ಮನೆ ಕೂತಿದ್ದಾನೆ. ನನ್ನ ತೋಳಿನ ಕೂದಲು ಎದ್ದಿತ್ತು. ಓನರಮ್ಮ ಅವರ ಗಲ್ಲ ಹಿಡಿದು "ಆ ಅನ್ನಪ್ಪ" ಅಂತ ಬಾಯಿ ತೆರೆಸಿ, ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

ಕೆಳಗಿಳಿದು ಬಂದು, ಆರಿದ ಕಾಫಿ ಕುಡಿದು, "ಒಬ್ನೇ" ಅಂತ ಒಪ್ಪಿಕೊಂಡರು. ಆಮೇಲೆ ಅಡುಗೆಮನೆ ಕಡೆ ತಿರುಗಿ ಕೂಗಿದರು. "ಲೇ, ಮೇಲಿನೋರಿಗೆ ಇವತ್ತಿಂದ ಎರಡು ಮುದ್ದೆ ಕಳಿಸ್ರೇ. ಒಳಗಿರೋನು ಉಪವಾಸ ಇರ್ಬಾರ್ದು."

ಕಷಾಯದ ಗಂಟಲು

ಆಮೇಲೆ ಬಂದಿದ್ದು ಫಿನ್ಲೆಂಡಿನ ಮೆಟಲ್ ಬ್ಯಾಂಡಿನವರು, ನಾಲ್ಕು ಜನ. ಆಳೆತ್ತರ, ಮೈತುಂಬ ಹಚ್ಚೆ, ಕಪ್ಪು ಟೀಶರ್ಟಿನ ಮೇಲೆ ತಲೆಬುರುಡೆ, ಸೊಂಟದ ತನಕ ಕೂದಲು. ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ಓನರಮ್ಮ ಮಾತ್ರ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕೂದಲಿಗೆ ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ ಪಾಪ" ಅಂದರು.

ಅಷ್ಟು ಸಾಧು ಜನರನ್ನು ನಾನು ನೋಡಿರಲಿಲ್ಲ. ಚಪ್ಪಲಿ ಹೊರಗೆ ಸಾಲಾಗಿ ಬಿಡುತ್ತಿದ್ದರು. ತಿಂದ ತಟ್ಟೆ ತಾವೇ ತೊಳೆಯುತ್ತಿದ್ದರು. ಭಾನುವಾರ ಓನರಮ್ಮ ಹೇಳಿದರೆಂದು ನಾಲ್ವರೂ ಹರಳೆಣ್ಣೆ ಹಚ್ಚಿಸಿಕೊಂಡು, ಸೀಗೇಪುಡಿಯಲ್ಲಿ ತಲೆ ತೊಳೆದು, ತಾರಸಿ ಮೇಲೆ ಹಿಂದಿನ ಬೀದಿಗೆ ಬೆನ್ನು ಹಾಕಿ ಕೂದಲು ಒಣಗಿಸಲು ಕೂತರು. ಸಾಂಬ್ರಾಣಿ ಹೊಗೆ ಬೇರೆ. ಸಾಯಂಕಾಲ ಹಿಂದಿನ ಬೀದಿಯ ಆಂಟಿ ಒಬ್ಬರು ಬಂದು, "ನಿಮ್ಮನೇಗೆ ನಾಲ್ಕು ಹೆಣ್ಮಕ್ಕಳು ಬಂದವ್ರಂತಲ್ಲ, ಎಂಥಾ ಕೂದಲು! ನಮ್ಮ ಹುಡುಗನೂ ಬೆಳ್ಳಗೇ ಇದ್ದಾನೆ" ಅಂತ ಜಾತಕದ ಮಾತು ತೆಗೆದರು.

ಕಾರ್ಯಕ್ರಮದ ಹಿಂದಿನ ದಿನ ಗಾಯಕನ ಗಂಟಲು ಕಟ್ಟಿತು. ಒಂದು ಅಕ್ಷರ ಹೊರಡದು. ಮಿಕ್ಕ ಮೂವರು ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ಓನರಮ್ಮ ಮೆಣಸು, ಜೀರಿಗೆ, ದೊಡ್ಡಪತ್ರೆ ಹಾಕಿ ಕುದಿಸಿದ ಕಷಾಯವನ್ನು ಹೊತ್ತುಹೊತ್ತಿಗೆ ಕುಡಿಸಿದರು. "ಮಾತಾಡ್ಬೇಡ, ಸುಮ್ನೆ ಮಲಗು" ಅಂತ ಗದರಿ ರಗ್ಗು ಹೊದಿಸಿದರು. ಮಾರನೇ ದಿನ ದನಿ ಬಂತು. ಎಷ್ಟು ಮಧುರವಾದ ದನಿ! ಆತ ಕೈಮುಗಿದು, ಅಮ್ಮ ಇವತ್ತು ಬರಲೇಬೇಕು, ಮುಂದಿನ ಸಾಲಲ್ಲಿ ಕೂರಬೇಕು ಅಂದ.

ಓನರಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ದೀಪ ಆರಿತು. ಆತ ಮೈಕು ಹಿಡಿದ. ಆಮೇಲೆ ಬಂದದ್ದನ್ನು ಹಾಡು ಅನ್ನಬೇಕೋ, ಗುಡ್ಡ ಸೀಳಿದ ಸದ್ದು ಅನ್ನಬೇಕೋ ನನಗೆ ಗೊತ್ತಾಗಲಿಲ್ಲ. ಎದೆಯ ಮೂಳೆಗಳು ನಡುಗಿದವು. ಆದರೆ ಅಲ್ಲೊಂದು ವಿಚಿತ್ರ ಕಂಡೆ. ಸುತ್ತ ಇದ್ದ ಕಾಲೇಜು ಹುಡುಗ ಹುಡುಗಿಯರೆಲ್ಲ ಕಣ್ಣು ಮುಚ್ಚಿ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ಭಜನೆಯಲ್ಲಿ ಮೈಮರೆತವರ ಹಾಗೆ ತೂಗುತ್ತಿದ್ದರು. ಆ ಸಿಟ್ಟೆಲ್ಲ ಅವರದೇ, ಅವರ ಪರವಾಗಿ ಈತ ಒಬ್ಬನೇ ಕೂಗಿ ಖಾಲಿ ಮಾಡುತ್ತಿದ್ದಾನೆ ಅನ್ನಿಸಿತು. ನನ್ನ ಕಣ್ಣಲ್ಲಿ ನೀರು.

ತಿರುಗಿ ನೋಡಿದರೆ ಓನರಮ್ಮನ ಕಣ್ಣಲ್ಲೂ ನೀರು. ನನ್ನ ಕೈ ಹಿಡಿದು ಕಿವಿಗೆ ಬಾಯಿಟ್ಟು ಕೂಗಿದರು. "ರಾತ್ರಿಯೆಲ್ಲಾ ಕಷಾಯ ಕುಡಿಸಿ ಸರಿ ಮಾಡಿದ ಗಂಟಲಮ್ಮ! ಒಂದೇ ದಿನದಲ್ಲಿ ಹಿಂಗೆ ಹಾಳು ಮಾಡ್ಕೊಂಡ್ನಲ್ಲಾ!"

ಹೆಳವರವನು

ಪಶ್ಚಿಮ ಆಫ್ರಿಕಾದ ಮಾಲಿ ದೇಶದಿಂದ ಒಬ್ಬರು ಬಂದರು. ದೊಡ್ಡ ಸೋರೆಬುರುಡೆಗೆ ತೊಗಲು ಹೊದಿಸಿ, ಉದ್ದ ಕೋಲು ಸಿಕ್ಕಿಸಿ, ತಂತಿಗಳ ಸಾಲು ಬಿಗಿದ ವಾದ್ಯ. ನುಡಿಸಿದರೆ ಅಂಗಳದಲ್ಲಿ ಯಾರೋ ನೀರು ಚಿಮುಕಿಸಿದ ಹಾಗೆ. ಅವರ ಮನೆತನದ ಕೆಲಸವೇ ಊರಿನವರ ವಂಶಾವಳಿಯನ್ನು ಬಾಯಲ್ಲಿ ಇಟ್ಟುಕೊಂಡು ಹಾಡುವುದಂತೆ. ಅಪ್ಪನಿಂದ ಮಗನಿಗೆ, ಬರಹ ಇಲ್ಲ, ಮರೆವು ಇಲ್ಲ.

ನಾನು ಇದನ್ನು ಓನರಮ್ಮನಿಗೆ ಬಹಳ ಕಷ್ಟಪಟ್ಟು ವಿವರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಹೆಳವರವನು ಅನ್ನು. ಅದಕ್ಕೆ ಇಷ್ಟುದ್ದ ಯಾಕೆ?" ಅಂದರು. ಹೌದಲ್ಲ! ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆಮುಂದೆ ನಿಂತು ತಾತ ಮುತ್ತಾತರ ಹೆಸರು ಹೇಳುವ ನಮ್ಮ ಹೆಳವರು. ಕತ್ರಿಗುಪ್ಪೆಗೆ ಅವರು ಬರೋದು ನಿಂತು ಎಷ್ಟೋ ಕಾಲವಾಯಿತು. ಈಗ ಒಬ್ಬರು ವಿಮಾನದಲ್ಲಿ ಬಂದಿದ್ದಾರೆ, ಅಷ್ಟೇ.

ಓನರಮ್ಮ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಕೆರೆ ತೂಬು ಕಾದ ಮುತ್ತಾತ, ಬರಗಾಲದಲ್ಲಿ ಕಣಜ ತೆಗೆದ ಅಜ್ಜಿ, ಎತ್ತು ಸತ್ತಾಗ ತಾನೇ ನೊಗಕ್ಕೆ ಹೆಗಲು ಕೊಟ್ಟ ಗಂಡ. ಆತ ಎರಡನೇ ಸಲ ಕೇಳಲಿಲ್ಲ. ಸಾಯಂಕಾಲ ಜಗಲಿ ಮೇಲೆ ಕೂತು, ಅರ್ಥವಾಗದ ಭಾಷೆಯ ನಡುವೆ ಆ ಹೆಸರುಗಳನ್ನು ಪೋಣಿಸಿ ಹಾಡಿದರು. ಮನೆಮಂದಿಯೆಲ್ಲ ಬಂದು ನಿಂತರು. ಬೀದಿಯಲ್ಲಿ ಆಟೋ ನಿಂತವು. ಸೈಟು ನಂಬರಿನ ಕೆಳಗೆ ಹೂತುಹೋಗಿದ್ದ ಊರೊಂದು ಆ ಬುರುಡೆಯೊಳಗಿಂದ ಎದ್ದು ಬರುತ್ತಿತ್ತು. ಗಂಡನ ಹೆಸರು ಬಂದಾಗ ಓನರಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು.

ಆಮೇಲೆ ಮನೆಮಂದಿಯಲ್ಲಿ ಯಾರೋ ಹೇಳಿಕೊಟ್ಟಿದ್ದ ಮೈದುನನ ಹೆಸರು ಬಂತು. ಸೆರಗು ತಕ್ಷಣ ಕೆಳಗಿಳಿಯಿತು.

"ನಿಲ್ಸು. ಅವನು ಬೇಡ. ಮೂಲೆ ಸೈಟು ಹೊಡ್ಕೊಂಡೋನು ಅವನು. ಅವನನ್ನ ಬಿಟ್ಟು ಹಾಡೋಕೆ ಹೇಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ಎದೆಯ ಮೇಲೆ ಕೈಯಿಟ್ಟು, ನಮ್ಮ ಪದ್ಧತಿಯಲ್ಲಿ ವಂಶದ ಯಾವ ಹೆಸರನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ನನ್ನ ತಂತಿಗಳು ನನ್ನನ್ನು ಕ್ಷಮಿಸಲ್ಲ ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಓನರಮ್ಮ ಯೋಚಿಸಿದರು. ಕಲಾವಿದನ ಧರ್ಮ ಅವರಿಗೆ ಅರ್ಥವಾಯಿತು.

"ಸರಿ, ಅವನ ಪದ್ಧತಿ ಅವನಿಗೆ. ಹಾಡ್ಲಿ. ಆದ್ರೆ ಆ ಹೆಸರು ಬಂದಾಗ ಮಾತ್ರ ಅಪಸ್ವರದಲ್ಲಿ ಹಾಡ್ಲಿ."

ಸೀನಿನ ತಾಳ

ನ್ಯೂಯಾರ್ಕಿನ ಜಾಜ್ ತುತ್ತೂರಿಯವರದ್ದು ಚಿಕ್ಕ ಕಥೆ. ಬೆಳಗ್ಗೆ ಆತ ನುಡಿಸುತ್ತಿದ್ದಾಗ ಕೆಳಗಿಂದ ಸೀನು ಬಂತು. ಆತ ತಟ್ಟನೆ ನಿಲ್ಲಿಸಿದರು. ಬೈತಾರೇನೋ ಅಂದುಕೊಂಡೆ. ಆತ ಅದೇ ಸೀನನ್ನು ತುತ್ತೂರಿಯಲ್ಲಿ ನುಡಿಸಿದರು, ಅದರ ಏರು, ತಡೆ, ಸಿಡಿತ ಎಲ್ಲ. ಅದನ್ನೇ ಹಿಗ್ಗಿಸಿ, ಬಗ್ಗಿಸಿ, ಅಳಿಸಿ, ನಗಿಸಿ ಇಡೀ ಬೆಳಗ್ಗೆ ಒಂದು ರಚನೆ ಕಟ್ಟಿದರು. ಒಂದು ಸೀನಿನೊಳಗೆ ಅಷ್ಟು ದುಃಖ, ಅಷ್ಟು ಚೇಷ್ಟೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಬಂದ ದಿನದಿಂದ ಕೇಳುತ್ತಿದ್ದೇನೆ, ನಿಮ್ಮ ಓನರಮ್ಮ ಯಾವತ್ತೂ ತಾಳದ ಮೇಲೆ ಸೀನಲ್ಲ, ತಾಳದ ಸಂದಿಯಲ್ಲೇ ಸೀನ್ತಾರೆ, ಇದು ನಮ್ಮಲ್ಲಿ ಹತ್ತಾರು ವರ್ಷ ಸಾಧನೆ ಮಾಡಿದವರಿಗೆ ಬರುವ ವಿದ್ಯೆ, ಯಾರ ಹತ್ತಿರ ಕಲಿತರು ಅಂತ ಕೇಳಿದರು.

ಓನರಮ್ಮನಿಗೆ ಹೇಳಿದೆ. ಅವರ ಮುಖ ಇನ್ನೂ ಬಾಡಿತು. "ಸಂದಿ ನೋಡ್ಕೊಂಡೇ ಬರುತ್ತೆ ಅಂದೆ ತಾನೇ. ತಾಳಿ ಹೊತ್ತಲ್ಲೂ ಹಂಗೇ ಬಂದಿದ್ದು ಮುಂಡೇದು."

ಗಟ್ಟಿಮೇಳ

ಮದುವೆ ದಿನ ಬಂತು. ತಲಘಟ್ಟಪುರದಾಚೆ, ಕನಕಪುರ ರೋಡಿನ ಪಕ್ಕದ ಒಂದು ಚೌಲ್ಟ್ರಿ. ಆಗ ಮಹಡಿ ಮೇಲಿದ್ದವರು ಇಬ್ಬರು. ಒಬ್ಬರು ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ನುಡಿಸುವವರು, ಅಂದರೆ ಕಂಕುಳಲ್ಲಿ ತೊಗಲಿನ ಚೀಲ ಅವುಚಿ ಅದರ ಗಾಳಿಯಲ್ಲಿ ಕೊಳವೆಗಳನ್ನು ನುಡಿಸುವವರು. ಇನ್ನೊಬ್ಬರು ಬ್ರೆಜಿಲ್‌ನ ಡ್ರಮ್ ವಾದಕಿ, ಅವರ ಡ್ರಮ್ಮು ನಮ್ಮ ಮನೆಯ ನೀರಿನ ಡ್ರಮ್ಮಿನಷ್ಟು. "ಮೇಲಿನೋರೂ ಮನೆಯೋರೇ, ಊಟಕ್ಕೆ ಕರ್ಕೊಂಡು ಬಾ" ಅಂತ ಓನರಮ್ಮ ಹೇಳಿದ್ದರು. ಸಾಯಂಕಾಲ ಜಯನಗರದಲ್ಲಿ ಕಾರ್ಯಕ್ರಮ ಇದ್ದಿದ್ದರಿಂದ ವಾದ್ಯಗಳು ವ್ಯಾನಿನಲ್ಲೇ ಇದ್ದವು.

ಪೈಪಿನವರು ತಮ್ಮ ದೇಶದ ಉಡುಪಿನಲ್ಲಿ, ಮಂಡಿ ಮಟ್ಟದ ಚೌಕಳಿ ಕಿಲ್ಟ್ ಸುತ್ತಿಕೊಂಡು ಬಂದಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ನೋಡಿ, "ಪಂಚೆ ಎತ್ತಿ ಕಟ್ಟಿದ್ದಾರೆ, ಬಡಿಸೋರು ಬಂದ್ರು" ಅಂತ ಸಾಂಬಾರ್ ಬಕೆಟ್ ಕೈಗೆ ಕೊಟ್ಟರು. ಆತ ಮಹಾ ಖುಷಿಯಿಂದ ತಿಂಡಿಯ ಪಂಕ್ತಿಗೆಲ್ಲ ಬಡಿಸುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಬಂತು. ಓಲಗದವರ ಟೆಂಪೋ ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರವೇ ಕೆಟ್ಟು ನಿಂತಿದೆ. ಮುಹೂರ್ತ ಕಾಯುವುದಿಲ್ಲ. ಪುರೋಹಿತರು "ಗಟ್ಟಿಮೇಳ ಇಲ್ದೆ ಮಾಂಗಲ್ಯಧಾರಣೆ ಹೇಗ್ರೀ?" ಅಂತ ಕೈಚೆಲ್ಲಿದರು. ತಾಳಿ ಕಟ್ಟುವ ಕ್ಷಣ ಯಾವ ಅಪಶಕುನದ ಸದ್ದೂ ಕಿವಿಗೆ ಬೀಳಬಾರದು ಅಂತಲೇ ಓಲಗದವರು ಜೀವಬಿಟ್ಟು ಬಾರಿಸೋದು, ಅದೇ ಗಟ್ಟಿಮೇಳ. ಹುಡುಗಿಯ ಅಪ್ಪ ಮೊಬೈಲಿನಲ್ಲಿ ನಾಗಸ್ವರ ಹಾಕಿ ಮೈಕಿಗೆ ಹಿಡಿದರು. ಮೊದಲು ಬನಿಯನ್ ಜಾಹೀರಾತು ಬಂತು.

ನಾನು ಓನರಮ್ಮನನ್ನು ಹುಡುಕಿಕೊಂಡು ಊಟದ ಹಾಲಿಗೆ ಹೋದೆ. ಹೋಮದ ಹೊಗೆಗೆ ಹೆದರಿ ಮೂಗಿಗೆ ಒದ್ದೆ ಕರ್ಚೀಫು ಹಿಡಿದು, ಖಾಲಿ ಎಲೆಗಳ ಎದುರು ಕೂತಿದ್ದರು.

"ಓಲಗ ಇದ್ದಿದ್ರೆ ಬಾಗಿಲ ಸಂದಿಯಿಂದ ಆದ್ರೂ ಒಂದ್ಸಲ ಇಣುಕ್ತಿದ್ದೆ" ಅಂದರು. "ಈಗ ಅದೂ ಇಲ್ಲ. ನೀನು ಹೋಗಿ ನೋಡ್ಕೊಂಡು ಬಂದು ಹೇಳು. ಅವಳು ತಲೆ ಬಗ್ಗಿಸಿದ್ಲಾ, ನಗ್ತಿದ್ಲಾ, ಅಷ್ಟು ಹೇಳು ಸಾಕು."

ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಪೈಪಿನವರು ಅಜ್ಜಿ ಯಾಕೆ ಅಳುತ್ತಿದ್ದಾರೆ ಅಂತ ಕೇಳಿದರು. ಸೀನು, ಓಲಗ, ಗಟ್ಟಿಮೇಳ ಎಲ್ಲ ಹೇಳಿದೆ. ಆತ ನಿಧಾನವಾಗಿ ಬಕೆಟ್ ಕೆಳಗಿಟ್ಟರು.

"ಅಂದರೆ ಬೇರೆ ಯಾವ ಸದ್ದೂ ಕೇಳಿಸದ ಹಾಗೆ ನುಡಿಸಬೇಕು?"

"ಹೌದು."

"ಮುಚ್ಚಿದ ಹಾಲಿನಲ್ಲಿ? ಯಾರೂ ಬೈಯುವುದಿಲ್ಲ?"

"ಆಶೀರ್ವಾದ ಮಾಡ್ತಾರೆ."

ಆತನ ಕಣ್ಣು ತುಂಬಿತು. "ಲೋಕವೆಲ್ಲ ಸುತ್ತಿದ್ದೇನೆ. ನನ್ನ ವಾದ್ಯವನ್ನು ಸರಿಯಾಗಿ ಅರ್ಥ ಮಾಡಿಕೊಂಡ ದೇಶ ಇದೊಂದೇ. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಸೀನು ನನಗೆ ಬಿಡಿ."

ವ್ಯಾನಿನಿಂದ ವಾದ್ಯಗಳು ಇಳಿದವು. ಡ್ರಮ್ ವಾದಕಿ ಓನರಮ್ಮನ ಕೈಹಿಡಿದು ಎಬ್ಬಿಸಿ, ಮಂಟಪದ ಮುಂದೆ, ತನ್ನ ಡ್ರಮ್ಮಿನ ಪಕ್ಕದಲ್ಲೇ ಕೂರಿಸಿದರು. ಪುರೋಹಿತರು ಬೆರಳೆತ್ತಿ ಆಡಿಸಿದ ತಕ್ಷಣ ಶುರುಮಾಡಿ ಅಂತ ನಾನು ಇಬ್ಬರಿಗೂ ಹೇಳಿದೆ. ಓಲಗದವರಿಗೆ ಆ ಬೆರಳು ಯಾವುದಕ್ಕೆ ಎದ್ದಿದ್ದು ಅಂತ ಮಂತ್ರ ಕೇಳಿಯೇ ತಿಳಿಯುತ್ತದೆ. ಇವರಿಗೆ ಗೊತ್ತಿದ್ದದ್ದು ಬೆರಳು ಒಂದೇ.

ಪುರೋಹಿತರು "ಹೂವು ಎಲ್ರೀ?" ಅಂತ ಬೆರಳೆತ್ತಿದರು.

ಪೈಪು, ಡ್ರಮ್ಮು ಒಟ್ಟಿಗೆ ಸಿಡಿದವು. ಆ ಸದ್ದಿಗೆ ಫೋಟೋಗ್ರಾಫರ್ ಸ್ಟೂಲಿನಿಂದ ಇಳಿದುಬಿಟ್ಟ. ಮದುಮಗ ಗಾಬರಿಯಲ್ಲಿ ತಾಳಿ ಕೈಗೆತ್ತಿಕೊಂಡ, ಪುರೋಹಿತರು ಅವನ ಮಣಿಕಟ್ಟು ಹಿಡಿದು ತಡೆದರು. ಜನ ಎದ್ದು ಅಕ್ಷತೆ ಎರಚಿಯೇಬಿಟ್ಟರು. ನಾನು ಓಡಿಹೋಗಿ ನಿಲ್ಲಿಸಿದೆ. ಹೊಸ ಅಕ್ಷತೆ ಹಂಚಾಯಿತು. ಪುರೋಹಿತರು ತೆಂಗಿನಕಾಯಿ ಇನ್ನೊಂದು ಬೇಕು ಅಂತ ಒಂದು ಬೆರಳು ತೋರಿಸಿದರು. ಮತ್ತೆ ಗುಡುಗು, ಮತ್ತೆ ಅಕ್ಷತೆ. ಗಂಡಿನ ಕಡೆಯ ಹಿರಿಯರು ಎದ್ದು ನಿಂತು, "ನಮ್ಮ ಹುಡುಗಂಗೆ ಎಷ್ಟು ಸಲ ರೀ ಮದುವೆ?" ಅಂದರು. ಅಲ್ಲಿಂದ ಪುರೋಹಿತರು ಎರಡೂ ಕೈಗಳನ್ನು ಶಲ್ಯದೊಳಗೆ ಸೇರಿಸಿಕೊಂಡು ಮಂತ್ರ ಹೇಳಿದರು. ಅರಿಶಿನ ಬೇಕಾದರೆ ಹುಬ್ಬು, ಕುಂಕುಮ ಬೇಕಾದರೆ ಗಲ್ಲ.

ಕೊನೆಗೆ ಆ ಗಳಿಗೆ ಬಂತು. ಪುರೋಹಿತರು ಪೈಪಿನವರನ್ನು ಒಮ್ಮೆ ದಿಟ್ಟಿಸಿ, ಶಲ್ಯದಿಂದ ಕೈ ಹೊರತೆಗೆದು, ಬೆರಳೆತ್ತಿದರು.

ಏನು ಹೇಳಲಿ! ಪೈಪು ಕಂಬಗಳ ನಡುವೆ ಆನೆ ಘೀಳಿಟ್ಟ ಹಾಗೆ ಎದ್ದಿತು. ಡ್ರಮ್ಮು ನೆಲದೊಳಗಿಂದ ಬಂತು. ಎಲ್ಲೋ ಮಂಜಿನ ಬೆಟ್ಟದ ಕೊಳವೆ, ಎಲ್ಲೋ ಕಡಲ ತೀರದ ತಾಳ, ಎರಡೂ ಕನಕಪುರ ರೋಡಿನಲ್ಲಿ ಸೇರಿ ಮಂಗಳವಾದ್ಯವೇ ಆಗಿಬಿಟ್ಟವು. ನಾನು ಬಾಯಿ ತೆರೆದು ನಿಂತಿದ್ದೆ. ಆಗ ಓನರಮ್ಮನ ಕಡೆ ನೋಡಿದೆ.

ಮೂಗು ಅರಳಿತು. ಕಣ್ಣು ಮುಚ್ಚಿತು. ತಲೆ ಹಿಂದಕ್ಕೆ ಹೋಯಿತು. ಬಂತು. ಎದುರಿಗೆ ಮಂಟಪದ ಕಂಬಕ್ಕೆ ಸುತ್ತಿದ್ದ ಮಲ್ಲಿಗೆ ದಂಡೆ ಅಲ್ಲಾಡಿತು.

ಕೇಳಿಸಲಿಲ್ಲ! ಪಕ್ಕದಲ್ಲೇ ಇದ್ದ ಗಂಡಿನ ಸೋದರತ್ತೆ ತಿರುಗಿಯೂ ನೋಡಲಿಲ್ಲ. ಓನರಮ್ಮ ಒಂದೊಂದೇ ಕಣ್ಣು ತೆರೆದು ಆಚೀಚೆ ನೋಡಿದರು. ಯಾರೂ "ಯಾರದು?" ಅನ್ನಲಿಲ್ಲ. ಎದುರಿಗೆ ಮೊಮ್ಮಗಳು ತಲೆ ಬಗ್ಗಿಸಿ, ನಗುತ್ತಾ ಕೂತಿದ್ದಳು. ಮೂರನೇ ಗಂಟು ಬೀಳುತ್ತಿತ್ತು. ಓನರಮ್ಮ ಕಣ್ತುಂಬ ನೋಡಿದರು.

ಊಟದ ಹೊತ್ತಿಗೆ ಓಲಗದವರು ಬಂದು ತಲುಪಿದರು. ನಾಗಸ್ವರದ ಹಿರಿಯರು ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಶ್ರುತಿ, ಓಲಗ ಎರಡನ್ನೂ ಒಂದೇ ಕಂಕುಳಲ್ಲಿ ಇಟ್ಕೊಂಡವ್ರಲ್ಲ ಗುರುವೇ!" ಅಂತ ಕೈಮುಗಿದರು. ಆಮೇಲೆ ಇಬ್ಬರೂ ಜೊತೆಗೆ ನುಡಿಸಿದರು. ಪಾಯಸ ಆರುತ್ತಿದ್ದರೂ ಯಾರೂ ಎಲೆ ಕಡೆ ನೋಡಲಿಲ್ಲ.

ಕೆಲವು ವಾರಗಳ ನಂತರ ಬೀಗರು ಮದುವೆ ವಿಡಿಯೋ ನೋಡಲು ಕತ್ರಿಗುಪ್ಪೆಗೆ ಬಂದರು. ಓನರಮ್ಮ ನನ್ನನ್ನು ಧೈರ್ಯಕ್ಕೆ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ತಾಳಿ ಕಟ್ಟುವ ಗಳಿಗೆ ಬಂತು. ವಿಡಿಯೋದವನು ಯಾವ ಜನ್ಮದ ಸೇಡೋ, ಸರಿಯಾಗಿ ಅಲ್ಲಿ ಓನರಮ್ಮನ ಮುಖವನ್ನು ಟಿವಿ ತುಂಬ ತೋರಿಸಿದ್ದ, ಅದೂ ಸ್ಲೋ ಮೋಷನ್‌ನಲ್ಲಿ. ಮೂಗು ಅರಳುತ್ತದೆ, ತುಟಿ ನಡುಗುತ್ತದೆ, ಕಣ್ಣು ಮುಚ್ಚುತ್ತದೆ, ಬಾಯಿ ಗವಿಯ ಹಾಗೆ ತೆರೆಯುತ್ತದೆ, ಎರಡು ಹನಿ ಕಣ್ಣೀರು ಉರುಳುತ್ತದೆ. ಹಿಂದೆ ಪೈಪು ಮೊಳಗುತ್ತಿದೆ. ಓನರಮ್ಮ ನನ್ನ ಕೈಯನ್ನು ಚಿವುಟಿ ಹಿಡಿದರು. ಮುಗೀತು ಅಂದುಕೊಂಡೆ.

ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರೀ ಆ ಜೀವಾನ. ಮೊಮ್ಮಗಳಿಗೆ ತಾಳಿ ಬಿದ್ದಿದ್ದೇ ಕರುಳು ಹೆಂಗೆ ಕಿತ್ತು ಬಂದಿದೆ! ಇಂಥಾ ಅಜ್ಜಿ ಯಾರಿಗೆ ಸಿಕ್ತಾರೆ?"

ಈಗ ಆ ಮುಖ ದೊಡ್ಡ ಫೋಟೋ ಆಗಿ, ಕಟ್ಟು ಹಾಕಿಸಿಕೊಂಡು, ಬೀಗರ ಮನೆಯ ಹಾಲಿನ ನಡುಗೋಡೆಯಲ್ಲಿದೆ. ಹೋದವರೆಲ್ಲ ನಿಂತು ನೋಡಿ ಕಣ್ಣು ಒದ್ದೆ ಮಾಡಿಕೊಂಡು ಬರುತ್ತಾರೆ.

ಇದನ್ನು ಓದಿ ನೀವೇ ಇಟ್ಟುಕೊಳ್ಳಬೇಡಿ, ನಿಮ್ಮ ಪಕ್ಕದಲ್ಲಿರುವವರಿಗೂ ಹೇಳಿ. ಅವರು ತಲಘಟ್ಟಪುರದ ಕಡೆಯವರಾಗಿದ್ದರೆ ಮಾತ್ರ, ಅಜ್ಜಿ ಅತ್ತರು ಅಂತಲೇ ಹೇಳಿ.